ಯಾರ ಮೈಗೆ ಯಾವ ಕಸರತ್ತು: ಆಳಂದ, ಅಫಜಲಪುರ, ಜೇವರ್ಗಿಯ ಕೆಲಸದ ಜಾಗಗಳಲ್ಲಿ ಒಂದು ವಿಚಾರ

ಜೂನ್ 21 ಹತ್ತಿರ ಬಂದಂತೆ ತಾಲ್ಲೂಕು ಕೇಂದ್ರಗಳಲ್ಲಿ ಯೋಗ ದಿನದ ಸಿದ್ಧತೆ ಶುರುವಾಗುತ್ತದೆ. ವಿಶ್ವಸಂಸ್ಥೆ 2014ರ ಡಿಸೆಂಬರಿನಲ್ಲಿ ಗೊತ್ತುವಳಿ ಅಂಗೀಕರಿಸಿ, 2015ರಿಂದ ಆಚರಣೆಗೆ ಬಂದ ದಿನ ಅದು. ಅಧಿಕಾರಿಗಳು, ಶಿಕ್ಷಕರು, ಶಾಲೆಯ ಮಕ್ಕಳು ಸಾಲಾಗಿ ನಿಂತು ಆಸನ ಮಾಡುತ್ತಾರೆ. ಮರುದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಉತ್ತರ ಕರ್ನಾಟಕದ ಕೆಲವು ಕಡೆ ಉದ್ಯೋಗ ಖಾತರಿಯ ಕಾಮಗಾರಿ ನಡೆಯುವ ಜಾಗದಲ್ಲೇ ಕೂಲಿಕಾರರಿಂದ ಆಸನ ಮಾಡಿಸಿದ ಸುದ್ದಿಗಳೂ ಬಂದಿವೆ. ಆಚರಣೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮಣ್ಣಿನ ಬುಟ್ಟಿ ಹೊತ್ತು ಬದುವಿನ ಮೇಲೆ ಓಡಾಡುವ ಹೆಣ್ಣುಮಗಳನ್ನು ತಾಡಾಸನಕ್ಕೆ ನಿಲ್ಲಿಸುವ ಮೊದಲು ‘ಎಲ್ಲಿ ನೋಯ್ತದವ್ವಾ?’ ಎಂದು ಕೇಳುವ ಪದ್ಧತಿ ನಮ್ಮಲ್ಲಿ ಬೆಳೆದಿಲ್ಲ. ಕೆಲಸದ ಜಾಗದ ವ್ಯಾಯಾಮದ ಬಗ್ಗೆ ಜಗತ್ತು ಏನೇನು ಕಲಿತಿದೆ, ಅದರಲ್ಲಿ ನಮ್ಮ ಮೂರು ತಾಲ್ಲೂಕಿಗೆ ಎಷ್ಟು ಒಪ್ಪುತ್ತದೆ ಎಂದು ನೋಡುವುದು ಈ ಬರಹದ ಉದ್ದೇಶ.

ಮೊದಲು ಇಲ್ಲಿ ಯಾವ ಯಾವ ಕೆಲಸಗಳಿವೆ ಎಂದು ನೋಡೋಣ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಲಬುರಗಿ ಜಿಲ್ಲೆಯ ಬಿಸಿಲು ತಾಲ್ಲೂಕುಗಳು. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕಲಬುರಗಿ ತೊಗರಿ ಬೆಳೆಯುವ ಕರಿ ಭೂಮಿ ಇದು. ಭೀಮಾ ನದಿ, ಸೊನ್ನ ಬ್ಯಾರೇಜು, ಕೋರಳ್ಳಿಯ ಅಮರ್ಜಾ ಜಲಾಶಯದ ನೀರು ಬಂದ ಕಡೆ ಕಬ್ಬು ಹಬ್ಬಿದೆ. ಆಳಂದದ ಭೂಸನೂರು, ಅಫಜಲಪುರದ ಹವಳಗಾ ಮತ್ತು ಚಿಣಮಗೇರಾ, ಹಳೆಯ ಜೇವರ್ಗಿ ತಾಲ್ಲೂಕಿನ ಮಳ್ಳಿ–ನಾಗರಹಳ್ಳಿಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಮೂರೂ ಊರುಗಳಲ್ಲಿ ಪುರಸಭೆ, ಬಸ್ ಡಿಪೊ, ತಹಸೀಲ್ದಾರ್ ಕಚೇರಿ, ಶಾಲೆ–ಆಸ್ಪತ್ರೆ, ಬ್ಯಾಂಕುಗಳಿವೆ. ಅಂದರೆ ಇಲ್ಲಿ ದಿನವಿಡೀ ಕೂತು ಕೆಲಸ ಮಾಡುವವರು ಸ್ವಲ್ಪ ಜನ, ನಿಂತು ಮಾಡುವವರು ಅವರಿಗಿಂತ ಹೆಚ್ಚು, ಬಗ್ಗಿ ಮಾಡುವವರು ಎಲ್ಲರಿಗಿಂತ ಹೆಚ್ಚು. ಕೆಲಸದ ಜಾಗದ ವ್ಯಾಯಾಮ ಎಂದಾಗ ನಾವು ಕಲ್ಪಿಸಿಕೊಳ್ಳುವುದು ಮಾತ್ರ ಮೊದಲನೆಯವರನ್ನು.

ಈ ಕಲ್ಪನೆಯ ಮೂಲ ಒಂದು ಪ್ರಸಿದ್ಧ ಅಧ್ಯಯನದಲ್ಲಿದೆ. ಲಂಡನ್ನಿನ ವೈದ್ಯ ಜೆರ್ರಿ ಮಾರಿಸ್ ಎರಡನೇ ಮಹಾಯುದ್ಧದ ನಂತರ ಸಾರಿಗೆ ನೌಕರರ ಹೃದಯರೋಗವನ್ನು ಲೆಕ್ಕ ಹಾಕಿದರು. ಸುಮಾರು 31,000 ಗಂಡಸರು. ಎರಡು ಅಂತಸ್ತಿನ ಬಸ್ಸಿನಲ್ಲಿ ಡ್ರೈವರ್ ಕೂತೇ ಇರುತ್ತಿದ್ದ, ಕಂಡಕ್ಟರ್ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆ, ಬಂದರೂ ತಡವಾಗಿ ಎಂದು 1953ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಮಾರಿಸ್ ಅಲ್ಲಿಗೇ ನಿಲ್ಲಲಿಲ್ಲ. 1956ರಲ್ಲಿ ಸಮವಸ್ತ್ರದ ದಾಖಲೆಗಳನ್ನು ತೆಗೆಸಿ ನೋಡಿದಾಗ ಡ್ರೈವರುಗಳ ಪ್ಯಾಂಟಿನ ಸೊಂಟದ ಅಳತೆ ಕಂಡಕ್ಟರುಗಳದಕ್ಕಿಂತ ದೊಡ್ಡದಾಗಿತ್ತು, ವಯಸ್ಸು ಚಿಕ್ಕದಿದ್ದವರಲ್ಲೂ. ಕೆಲಸವೊಂದೇ ಕಾರಣವಲ್ಲ, ಯಾವ ಮೈಯವರು ಯಾವ ಕೆಲಸಕ್ಕೆ ಬರುತ್ತಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ ಎಂಬ ಎಚ್ಚರ ಅದರಲ್ಲಿದೆ. ಏನೇ ಆದರೂ, ಕೂತವನಿಗೆ ಕೇಡು, ಓಡಾಡುವವನಿಗೆ ಕ್ಷೇಮ ಎಂಬ ತಿಳಿವಳಿಕೆ ಬೇರೂರಿತು.

ಆ ತಿಳಿವಳಿಕೆ ಅರ್ಧ ಮಾತ್ರ ನಿಜ ಎಂದು ಈಚೆಗೆ ಗೊತ್ತಾಗಿದೆ. ಬಿಡುವಿನ ವೇಳೆಯಲ್ಲಿ ಮಾಡುವ ವ್ಯಾಯಾಮ ಆಯಸ್ಸನ್ನು ಕಾಯುತ್ತದೆ, ಆದರೆ ಹೊಟ್ಟೆಪಾಡಿಗಾಗಿ ಮಾಡುವ ದುಡಿಮೆ ಹಾಗೆ ಕಾಯುವುದಿಲ್ಲ ಎಂಬುದನ್ನು ಕೋಪನ್‌ಹೇಗನ್ನಿನ ಆಂದ್ರೆಯಾಸ್ ಹೋಲ್ಟರ್‌ಮನ್ ಮತ್ತು ಜೊತೆಗಾರರು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. 2018ರಲ್ಲಿ 17 ಅಧ್ಯಯನಗಳ ಸುಮಾರು 1.93 ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ಸಮೀಕ್ಷೆಯಲ್ಲಿ, ಕೆಲಸದಲ್ಲಿ ಅತಿ ಹೆಚ್ಚು ಮೈಶ್ರಮ ಇರುವ ಗಂಡಸರಿಗೆ ಬೇಗ ಸಾಯುವ ಅಪಾಯ ಶೇ 18ರಷ್ಟು ಹೆಚ್ಚು ಕಂಡಿತು. ಕಾರಣ ಕಠಿಣವೇನಲ್ಲ. ದುಡಿಮೆಯಲ್ಲಿ ಒಂದೇ ಚಲನೆ ಗಂಟೆಗಟ್ಟಲೆ ನಡೆಯುತ್ತದೆ, ಭಾರ ಹೊರುವಾಗ ರಕ್ತದೊತ್ತಡ ಏರಿಯೇ ಇರುತ್ತದೆ, ಉಸಿರು ತಗೊಳ್ಳಲು ನಿಲ್ಲುವ ಅಧಿಕಾರ ದುಡಿಯುವವನ ಕೈಯಲ್ಲಿಲ್ಲ, ರಾತ್ರಿ ಮೈ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ. ಆ ಅಧ್ಯಯನಗಳು ಹೆಚ್ಚಾಗಿ ಶ್ರೀಮಂತ ದೇಶಗಳವು. ಹೊಟ್ಟೆತುಂಬ ಉಂಡು ದುಡಿಯುವ ಆ ದೇಶಗಳವರ ಸ್ಥಿತಿಯೇ ಹೀಗಿದ್ದರೆ ನಮ್ಮ ಕಡೆಯ ದುಡಿಯುವವರ ಗತಿ ಊಹಿಸಬಹುದು.

‘ಭಾರತದ ಅರ್ಧ ಜನ ಸಾಕಷ್ಟು ಮೈ ಬಗ್ಗಿಸುವುದಿಲ್ಲ’ ಎಂಬ ಸುದ್ದಿ 2024ರಲ್ಲಿ ದೊಡ್ಡದಾಗಿ ಬಂತು. ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ವರದಿಯಂತೆ 2022ರಲ್ಲಿ ಶೇ 49ಕ್ಕೂ ಹೆಚ್ಚು ವಯಸ್ಕರು, ಹೆಂಗಸರಲ್ಲಿ ಶೇ 57ರಷ್ಟು, ನಿಗದಿತ ಮಟ್ಟದ ಚಟುವಟಿಕೆ ಮಾಡುತ್ತಿಲ್ಲ. ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ತೊಗರಿ ಹೊಲದಲ್ಲಿ ಕಳೆ ತೆಗೆಯುವವಳು ಆ ವಾರದ ಲೆಕ್ಕವನ್ನು ಒಂದು ದಿನದಲ್ಲಿ ಮುಗಿಸುತ್ತಾಳೆ. ಆದ್ದರಿಂದ ಅಂಥವಳಿಗೆ ‘ನೀನು ವ್ಯಾಯಾಮ ಮಾಡು’ ಎಂದರೆ ‘ಹಗಲೆಲ್ಲ ಮಾಡೋದು ಇನ್ನೇನ್ರೀ?’ ಎಂಬ ಮಾತು ಬರುವುದು ಸಹಜ, ಮತ್ತು ಆ ಮಾತಿನಲ್ಲಿ ಹುರುಳಿದೆ. ಅವಳ ನಡಕ್ಕೆ, ಮೊಳಕಾಲಿಗೆ ಬೇಕಾದದ್ದು ಬಗ್ಗಿದ್ದನ್ನು ಎದುರು ದಿಕ್ಕಿಗೆ ಚಾಚಿ ಬಿಡುವ ಎರಡು ನಿಮಿಷ, ನೆರಳು, ನೀರು, ಕೂತು ಮಾಡಬಹುದಾದ ಸಲಕರಣೆ. ದಣಿದ ಮೈಗೆ ಇನ್ನಷ್ಟು ದಣಿವನ್ನು ಆರೋಗ್ಯದ ಹೆಸರಲ್ಲಿ ಹೇರಬಾರದು.

ಸಂಸ್ಥೆಗಳು ಮೇಲಿನಿಂದ ತರುವ ಆರೋಗ್ಯ ಕಾರ್ಯಕ್ರಮಗಳ ಫಲವೂ ಅಷ್ಟಕ್ಕಷ್ಟೇ. ಅಮೆರಿಕದ ಒಂದು ದೊಡ್ಡ ಮಾರಾಟ ಸಂಸ್ಥೆಯ 160 ಜಾಗಗಳ ಸುಮಾರು 33,000 ನೌಕರರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಚೀಟಿ ಎತ್ತಿದಂತೆ ಆರಿಸಿದ 20 ಜಾಗಗಳಲ್ಲಿ ಆರೋಗ್ಯ ಕಾರ್ಯಕ್ರಮ ನಡೆಸಿದರು. ಒಂದೂವರೆ ವರ್ಷದ ನಂತರ ‘ನಾವು ವ್ಯಾಯಾಮ ಮಾಡುತ್ತಿದ್ದೇವೆ’ ಎನ್ನುವವರ ಸಂಖ್ಯೆ ಹೆಚ್ಚಿತ್ತು; ರಕ್ತದೊತ್ತಡ, ಸಕ್ಕರೆ, ತೂಕ, ಆಸ್ಪತ್ರೆ ಖರ್ಚು, ರಜೆ ಯಾವುದೂ ಬದಲಾಗಿರಲಿಲ್ಲ. ಇದಕ್ಕೆ ಎದುರಾಗಿ ಡೆನ್ಮಾರ್ಕಿನ ಎರಡು ಸಣ್ಣ ಪ್ರಯೋಗಗಳನ್ನು ಇಡುತ್ತೇನೆ. 2011ರದು ಕುತ್ತಿಗೆ–ಹೆಗಲು ನೋವಿದ್ದ 198 ಕಚೇರಿ ನೌಕರರದು: ರಬ್ಬರ್ ಪಟ್ಟಿ ಹಿಡಿದು ದಿನಕ್ಕೆ ಎರಡೇ ನಿಮಿಷ, ವಾರಕ್ಕೆ ಐದು ದಿನ, ಹತ್ತು ವಾರ ಮಾಡಿದವರ ನೋವು ಕಡಿಮೆಯಾಯಿತು, ಹನ್ನೆರಡು ನಿಮಿಷ ಮಾಡಿದವರಿಗೂ ಹೆಚ್ಚು ಕಡಿಮೆ ಅಷ್ಟೇ ಲಾಭ. 2015ರದು ಮೂರು ಆಸ್ಪತ್ರೆಗಳ 200 ಹೆಣ್ಣು ಸಿಬ್ಬಂದಿಯದು. ಸುಮಾರು ಅರ್ಧ ಜನ ವ್ಯಾಯಾಮವನ್ನು ಕೆಲಸದ ವೇಳೆಯಲ್ಲಿ ಸಹೋದ್ಯೋಗಿಗಳ ಜೊತೆ, ಉಳಿದವರು ಮನೆಯಲ್ಲಿ ತಮ್ಮ ಬಿಡುವಿನಲ್ಲಿ ಮಾಡಿದರು. ಕೆಲಸದ ವೇಳೆಯಲ್ಲಿ ಮಾಡಿದವರ ನೋವು ಹೆಚ್ಚು ಇಳಿಯಿತು. ಮನೆಗೆ ಹೋದ ಹೆಂಗಸಿಗೆ ಬಿಡುವು ಎಲ್ಲಿದೆ? ಆಳಂದದ ನರ್ಸಮ್ಮನಿಗೂ ಕೋಪನ್‌ಹೇಗನ್ನಿನ ನರ್ಸಿಗೂ ಈ ವಿಷಯದಲ್ಲಿ ಬಹಳ ಅಂತರವಿಲ್ಲ. ವ್ಯಾಯಾಮ ಸಂಸ್ಥೆಗೆ ಬೇಕಾಗಿದ್ದರೆ ಸಂಸ್ಥೆಯ ಸಮಯದಲ್ಲೇ ಆಗಬೇಕು.

ನಮ್ಮ ಕೇಂದ್ರ ಸರ್ಕಾರದ ಉತ್ತರ ‘ವೈ–ಬ್ರೇಕ್’. ತಾಡಾಸನ, ಕಟಿಚಕ್ರಾಸನ, ನಾಡಿಶೋಧನ, ಭ್ರಾಮರಿ ಸೇರಿಸಿ ಐದು ನಿಮಿಷದಲ್ಲಿ ಮುಗಿಯುವಂತೆ ಆಯುಷ್ ಇಲಾಖೆ ರೂಪಿಸಿದ್ದು. 2020ರ ಜನವರಿಯಲ್ಲಿ ಆರು ಮಹಾನಗರಗಳ 717 ಜನರ ಮೇಲೆ ಪ್ರಯೋಗವಾಯಿತು, 2021ರ ಸೆಪ್ಟೆಂಬರಿನಲ್ಲಿ ಆ್ಯಪ್ ಬಂತು, ಕೇಂದ್ರ ಸರ್ಕಾರಿ ಕಚೇರಿಗಳಿಗೆ ಸುತ್ತೋಲೆಯೂ ಹೋಯಿತು. ಕ್ರಮ ಒಳ್ಳೆಯದೇ, ಐದು ನಿಮಿಷ ಎಂಬ ಮಿತಿಯಂತೂ ಬಹಳ ಒಳ್ಳೆಯದು. ಆದರೆ ಆರು ಮಹಾನಗರಗಳ ಕುರ್ಚಿಗಳಲ್ಲಿ ಪರೀಕ್ಷಿಸಿದ್ದು ಅಫಜಲಪುರದ ಕಬ್ಬಿನ ಹೊಲಕ್ಕೆ ಹಾಗೇ ಹೊಂದುತ್ತದೆ ಎಂದು ಹೇಳಲಾಗದು. ಮೇಲಿನಿಂದ ಒಂದೇ ಕ್ರಮವನ್ನು ಎಲ್ಲರಿಗೂ ಕೊಡುವ ಈ ರೀತಿಗೆ ಹಳೆಯ ವಂಶವಿದೆ. ಜಪಾನಿನಲ್ಲಿ ರೇಡಿಯೊ ಹೇಳಿದಂತೆ ದೇಶವೇ ಕೈಕಾಲು ಆಡಿಸುವ ಪದ್ಧತಿ 1928ರಲ್ಲಿ ಶುರುವಾಯಿತು, ಚೀನಾ 1951ರಲ್ಲಿ ಅದನ್ನೇ ತನ್ನದಾಗಿ ಮಾಡಿಕೊಂಡಿತು. ಜಪಾನಿನ ಕಾರ್ಖಾನೆ, ಕಟ್ಟಡದ ಕೆಲಸಗಳಲ್ಲಿ ಇವತ್ತಿಗೂ ಬೆಳಗಿನ ಪಾಳಿ ಅದರಿಂದಲೇ ಆರಂಭವಾಗುವುದುಂಟು. ಅಲ್ಲಿ ಅದು ಉಳಿದದ್ದು ಶಾಲೆಯಿಂದಲೇ ಮೈಗೂಡಿದ ರೂಢಿಯಿಂದ. ಅಂಥ ರೂಢಿ ಇಲ್ಲದ ಕಡೆ ಸುತ್ತೋಲೆ ಹೊರಡಿಸಿದರೆ ಕಡತ ಸೇರುತ್ತದೆ.

ಕೇಳಿ ಮಾಡುವ ರೀತಿಗೂ ವಂಶವಿದೆ, ಅದನ್ನು ನಮ್ಮಲ್ಲಿ ಬಲ್ಲವರು ಕಡಿಮೆ. ಅಮೆರಿಕದ ವರ್ಜೀನಿಯಾ ರಾಜ್ಯದ ಮರಿಯನ್ ಎಂಬ ಊರಿನ ಹಾರ್ವುಡ್ ಎಂಬ ಪೈಜಾಮ ಕಾರ್ಖಾನೆಯಲ್ಲಿ ಹೊಲಿಗೆಯ ಕೆಲಸ ಬದಲಾದಾಗಲೆಲ್ಲ ಹೆಣ್ಣುಮಕ್ಕಳು ಕಂಗೆಟ್ಟು ಕೆಲಸ ಬಿಡುತ್ತಿದ್ದರು. ಕಾಚ್ ಮತ್ತು ಫ್ರೆಂಚ್ ಎಂಬ ಸಂಶೋಧಕರು ಒಂದು ಗುಂಪಿಗೆ ಬದಲಾವಣೆಯನ್ನು ಬರೀ ತಿಳಿಸಿದರು, ಇನ್ನೊಂದರಲ್ಲಿ ಪ್ರತಿನಿಧಿಗಳನ್ನು ಕೇಳಿದರು, ಮತ್ತೆರಡರಲ್ಲಿ ಎಲ್ಲರನ್ನೂ ಕೂರಿಸಿ ಅವರಿಂದಲೇ ಹೊಸ ರೀತಿ ರೂಪಿಸಿದರು. 1948ರಲ್ಲಿ ಪ್ರಕಟವಾದ ಅವರ ವರದಿಯಂತೆ ಎಲ್ಲರೂ ಕೂತು ರೂಪಿಸಿದ ಗುಂಪುಗಳು ಎಲ್ಲರಿಗಿಂತ ಬೇಗ ಚೇತರಿಸಿಕೊಂಡವು, ಅಲ್ಲಿಂದ ಒಬ್ಬರೂ ಕೆಲಸ ಬಿಡಲಿಲ್ಲ. 1960ರ ದಶಕದ ಇಟಲಿಯಲ್ಲಿ ವೈದ್ಯ ಇವಾರ್ ಓದ್ದೋನೆ ತೂರಿನೊ ನಗರದ ಕಾರು ಕಾರ್ಮಿಕರ ಜೊತೆ ಕೂತು, ತಮ್ಮ ಆರೋಗ್ಯವನ್ನು ಬೇರೆಯವರ ಕೈಗೆ ಒಪ್ಪಿಸದೆ ಅಪಾಯಗಳ ನಕ್ಷೆಯನ್ನು ಕಾರ್ಮಿಕರೇ ಬರೆಯುವ ಪದ್ಧತಿ ಕಟ್ಟಿದರು. ನಮಗೆ ಹೆಚ್ಚು ಹತ್ತಿರದ್ದು ವಿಯೆಟ್ನಾಮಿನದು. 1990ರ ದಶಕದ ನಡುವಿನಲ್ಲಿ ಮೆಕಾಂಗ್ ನದಿ ಬಯಲಿನ ಕಾನ್ ಥೋದಲ್ಲಿ ಅಲ್ಲಿನ ವೈದ್ಯ ತೊನ್ ಥಾತ್ ಖಾಯ್ ಮತ್ತು ಜಪಾನಿನ ತ್ಸುಯೋಶಿ ಕವಾಕಾಮಿ ರೈತರಿಗಾಗಿ ‘ವಿಂಡ್’ ಎಂಬ ಕಾರ್ಯಕ್ರಮ ಆರಂಭಿಸಿದರು. ಹೊರಗಿನ ಉಪದೇಶ ಬೇಡ; ನಿಮ್ಮೂರಲ್ಲೇ ಯಾರು ಭಾರವನ್ನು ಸುಲಭವಾಗಿ ಸಾಗಿಸುತ್ತಾರೆ, ಯಾರ ಅಡುಗೆಮನೆಯಲ್ಲಿ ಬಗ್ಗದೆ ಕೆಲಸ ಆಗುತ್ತದೆ ಎಂದು ಹೋಗಿ ನೋಡಿ, ಹಣ ಹೆಚ್ಚು ಬೇಡದ ಒಂದೆರಡು ಬದಲಾವಣೆಯನ್ನು ನೀವೇ ಆರಿಸಿ ಎಂಬುದು ಅದರ ತಿರುಳು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅದನ್ನು ಏಷ್ಯಾದ ಬೇರೆ ದೇಶಗಳಿಗೂ ಒಯ್ದಿತು.

ನಮ್ಮ ಪಕ್ಕದ ಕೇರಳದ ಕಥೆಯೂ ಇಲ್ಲಿ ಬರಬೇಕು. ಕೋಝಿಕ್ಕೋಡಿನ ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತೇ ಇರಬೇಕಾಗಿದ್ದ ಹೆಣ್ಣುಮಕ್ಕಳು ಪಿ. ವಿಜಿ ಅವರ ನೇತೃತ್ವದ ‘ಪೆಣ್‌ಕೂಟ್ಟ್’ ಸಂಘಟನೆಯಲ್ಲಿ ಸೇರಿ ಕೂರುವ ಹಕ್ಕು ಕೇಳಿದರು. 2018ರಲ್ಲಿ ಕೇರಳ, 2021ರಲ್ಲಿ ತಮಿಳುನಾಡು ಅಂಗಡಿ ಕಾಯ್ದೆ ತಿದ್ದಿದವು. ಯಾವ ತಜ್ಞ ಸಮಿತಿಯೂ ಹೇಳದೆ ಬಿಟ್ಟದ್ದನ್ನು ಬಾತ ಕಾಲಿನವರು ಹೇಳಿದರು. ನಿಂತು ದುಡಿಯುವವರಿಗೆ ಕೂರಲು ವ್ಯವಸ್ಥೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮಿನಲ್ಲಿ ಮೊದಲೇ ಬರೆದಿತ್ತು. ನೂರು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಎರಡೂ ಕಡೆಯವರಿರುವ ಕಾರ್ಯ ಸಮಿತಿಗೆ 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಅವಕಾಶ ಕೊಟ್ಟಿತ್ತು. ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಸುರಕ್ಷತಾ ಸಮಿತಿ ಉಳಿದಿದೆ. ಕೇಳುವುದಕ್ಕೆ ಕಾನೂನಿನ ಅಡ್ಡಿ ಎಂದೂ ಇರಲಿಲ್ಲ.

ಕಲಬುರಗಿಯವರಿಗೆ ಕೇಳಿ ಮಾಡುವ ವಿದ್ಯೆ ಹೊಸದೂ ಅಲ್ಲ. 1980ರ ದಶಕದಲ್ಲಿ ಈ ಜಿಲ್ಲೆಯಲ್ಲಿ ಮೈರಾಡ ಸಂಸ್ಥೆ, ರಾಜ್ಯ ಸರ್ಕಾರ ಮತ್ತು ಸ್ವಿಟ್ಜರ್ಲೆಂಡಿನ ನೆರವಿನಿಂದ ಜಲಾನಯನದ ‘ಪಿಡೌ’ ಯೋಜನೆ ನಡೆಯಿತು. ಜನರೇ ಕೂತು ತಮ್ಮ ನೆಲದ ಯೋಜನೆ ಮಾಡಬೇಕು ಎಂಬುದು ಅದರ ಬುನಾದಿ. ಹಳ್ಳಿಯ ಅಂಗಳದಲ್ಲಿ ರಂಗೋಲಿ ಪುಡಿ, ಕಲ್ಲು, ಬೀಜಗಳಿಂದ ಊರ ನಕ್ಷೆ ಬಿಡಿಸಿ ಹಳ್ಳ ಎಲ್ಲಿ, ಕೊರಕಲು ಎಲ್ಲಿ ಎಂದು ಗುರುತಿಸುವ ಕ್ರಮವನ್ನು ದೇಶದಲ್ಲಿ ಹರಡಿದವರಲ್ಲಿ ಮೈರಾಡ ಮುಂಚೂಣಿಯಲ್ಲಿತ್ತು. ನೆಲದ ನಕ್ಷೆ ಬಿಡಿಸಿದ ಕೈಗಳೇ ಮೈಯ ನಕ್ಷೆಯನ್ನೂ ಬಿಡಿಸಬಲ್ಲವು. ಅಂಗಳದಲ್ಲಿ ಆಳೆತ್ತರದ ಒಂದು ಹೆಣ್ಣಿನ ಚಿತ್ರ ಬರೆದು, ನೋಯುವ ಜಾಗಕ್ಕೆ ಒಂದೊಂದು ತೊಗರಿ ಕಾಳು ಇಡಲು ಹೇಳಿದರೆ ಅರ್ಧ ಗಂಟೆಯಲ್ಲಿ ಆ ಗುಂಪಿನ ನೋವೆಲ್ಲ ಕಣ್ಣೆದುರಿಗೆ ಬರುತ್ತದೆ. ಓದು ಬರಹ ಬೇಕಿಲ್ಲ, ಸಾಹೇಬರ ಮುಂದೆ ಬಾಯಿ ಬಿಡುವ ಧೈರ್ಯವೂ ಬೇಕಿಲ್ಲ. ಕಾರ್ಮಿಕ ಸಂಘಟನೆಗಳು ಹಲವು ದೇಶಗಳಲ್ಲಿ ಕಾಗದದ ಮೇಲೆ ಬಣ್ಣದ ಚುಕ್ಕಿ ಇಟ್ಟು ಮಾಡುವುದು ಇದನ್ನೇ. ನಾನು ಈ ಒಂದು ವಿಧಾನಕ್ಕೆ ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಹಾಗೆ ಕೇಳಿದರೆ ಒಂದೊಂದು ಕೆಲಸದಿಂದ ಬೇರೆ ಬೇರೆ ಉತ್ತರ ಬರುತ್ತದೆ. ಬಸ್ಸಿನವರನ್ನೇ ತೆಗೆದುಕೊಳ್ಳಿ. 2000ದಲ್ಲಿ ಈಶಾನ್ಯ ಸಾರಿಗೆಯಾಗಿ ಹುಟ್ಟಿ 2021ರಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯಾದ ನಮ್ಮ ಸಾರಿಗೆಯಲ್ಲಿ ಲಂಡನ್ನಿನಂತೆ ಕಂಡಕ್ಟರ್ ಹತ್ತಲು ಮೆಟ್ಟಿಲಿಲ್ಲ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ತುಂಬಿದ ಬಸ್ಸಿನಲ್ಲಿ ಸರಿದಾಡುವುದೇ ಕಷ್ಟ. ಡ್ರೈವರಿಗೆ ಎರಿ ನೆಲದ ರಸ್ತೆಗಳ ಕುಲುಕಾಟ, ಕ್ಲಚ್ ಒತ್ತಿ ಒತ್ತಿ ಎಡಗಾಲಿನ ಮೊಳಕಾಲು ನೋವು. ಡಿಪೊದಲ್ಲಿ ಬೆಳಿಗ್ಗೆ ಹತ್ತಕ್ಕೆ ವ್ಯಾಯಾಮದ ತರಗತಿ ಎಂದು ಬೋರ್ಡು ಹಾಕಿದರೆ ಅವರು ಬರುವುದು ಹೇಗೆ? ವಸ್ತಿ ಬಸ್ಸಿನವರು ರಾತ್ರಿ ಹಳ್ಳಿಯಲ್ಲೇ ಮಲಗಿ ನಸುಕಿನಲ್ಲಿ ಹೊರಡುತ್ತಾರೆ. ಅವರನ್ನು ಕೇಳಿ ರೂಪಿಸುವುದಾದರೆ ಅದು ಬಸ್ಸಿನ ಪಕ್ಕದಲ್ಲೇ, ಬಂಪರ್ ಹಿಡಿದು, ಮೂರು ನಿಮಿಷದಲ್ಲಿ, ಟ್ರಿಪ್ಪಿನ ಕೊನೆಯ ನಿಲ್ದಾಣದಲ್ಲಿ ಮುಗಿಯುವ ಚಾಚುವಿಕೆ ಆಗಬೇಕು. ಆ ಮೂರು ನಿಮಿಷ ವೇಳಾಪಟ್ಟಿಯಲ್ಲೇ ಬರೆದಿರಬೇಕು. ಹೊತ್ತಿನ ಒತ್ತಡ, ವಸ್ತಿಯಲ್ಲಿ ಮಲಗುವ ಜಾಗ, ಶೌಚಾಲಯ ಎಂಬ ಮಾತುಗಳು ವ್ಯಾಯಾಮಕ್ಕಿಂತ ಮೊದಲು ಬಂದರೆ ಆಶ್ಚರ್ಯವಿಲ್ಲ.

ಪುರಸಭೆಯ ಪೌರಕಾರ್ಮಿಕರದು ಇನ್ನೊಂದು. ನಸುಕಿನಲ್ಲಿ ಹೊರಟು ಗಿಡ್ಡ ಪೊರಕೆ ಹಿಡಿದು ಬಗ್ಗಿ ಗುಡಿಸುವವರ ನಡಕ್ಕೆ ಯಾವ ಆಸನಕ್ಕಿಂತಲೂ ಉದ್ದ ಹಿಡಿಯ ಪೊರಕೆ ದೊಡ್ಡ ಔಷಧ. ಎಷ್ಟು ಉದ್ದ, ಯಾವ ತೂಕ, ಯಾವ ಗಲ್ಲಿಗೆ ಯಾವುದು ಎಂಬುದನ್ನು ಅವರೇ ಹೇಳಬಲ್ಲರು. ಕಸದ ಗಾಡಿಯ ಹಿಡಿ ಎಷ್ಟು ಎತ್ತರ ಇರಬೇಕೆಂದು ಖರೀದಿಗೆ ಮುಂಚೆ ಕೇಳಿದರೆ ಹಲವರ ರಟ್ಟೆ ಉಳಿಯುತ್ತದೆ. ಹಮಾಲರ ವಿಷಯವೂ ಹೀಗೇ. ವಯಸ್ಕ ಗಂಡಾಳಿಗೆ ಒಮ್ಮೆಗೆ 55 ಕಿಲೊ ಮೀರಬಾರದು ಎಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1967ರ ಶಿಫಾರಸು. ಕ್ವಿಂಟಲ್ ಚೀಲ ಹೊತ್ತು ಬೆಳೆದ ಪೀಳಿಗೆಯ ಬೆನ್ನು ಏನಾಗಿದೆ ಎಂದು ಮಾರುಕಟ್ಟೆಯಲ್ಲಿ ಯಾರನ್ನು ಕೇಳಿದರೂ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಕಬ್ಬು ಕಡಿಯುವವರ ಪ್ರಶ್ನೆ. ಹಂಗಾಮಿನಲ್ಲಿ ಗ್ಯಾಂಗಿನವರು ಮುಕಾದಮನಿಂದ ಮುಂಗಡ ಪಡೆದು ಬರುತ್ತಾರೆ. ಕೂಲಿ ಟನ್ ಲೆಕ್ಕದಲ್ಲಿ. ಗಂಡ ಕಡಿಯುವುದು, ಹೆಂಡತಿ ಹೊರೆ ಕಟ್ಟಿ ಹೊರುವುದು. ಇವರಿಗೆ ಐದು ನಿಮಿಷ ನಿಲ್ಲುವುದೆಂದರೆ ಐದು ನಿಮಿಷದ ಕೂಲಿ ಹೋದಂತೆ. ಕಾರ್ಖಾನೆಯ ಗೇಟಿನೊಳಗೆ ಪಾಳಿಯ ಕಾರ್ಮಿಕರಿಗೆ ಎಷ್ಟೇ ಚೆಂದದ ಕಾರ್ಯಕ್ರಮ ಮಾಡಿದರೂ ಗೇಟಿನ ಹೊರಗಿರುವ ಇವರು ಯಾರ ನೌಕರರು ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಗಡಿಯಾಚೆಯ ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ 2019ರಲ್ಲಿ ಸರ್ಕಾರದ ಸಮಿತಿ ಕಬ್ಬು ಕಡಿಯುವ 82,309 ಹೆಂಗಸರನ್ನು ವಿಚಾರಿಸಿದಾಗ 13,861 ಮಂದಿಯ ಗರ್ಭಕೋಶ ತೆಗೆದದ್ದು ಗೊತ್ತಾಯಿತು. ನಮ್ಮ ಕಲಬುರಗಿ ಜಿಲ್ಲೆಯಲ್ಲೂ 2015ರ ಹೊತ್ತಿಗೆ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳಿಗೆ ಬೇಡದ ಅಂಥದೇ ಶಸ್ತ್ರಚಿಕಿತ್ಸೆಗಳನ್ನು ಮಾಡಿದ ಪ್ರಕರಣ ಬಯಲಾಗಿ, ಹೋರಾಟ ಮತ್ತು ತನಿಖೆ ನಡೆದವು. ಹೊಟ್ಟೆ ನೋವು, ಟೊಂಕ ನೋವು ಎಂದು ಹೋದವರ ಮಾತನ್ನು ಕೂತು ಕೇಳಿದ್ದರೆ, ದುಡಿಮೆಯಿಂದ ಬಂದ ನೋವು ಯಾವುದು, ರೋಗ ಯಾವುದು ಎಂದು ಬೇರೆ ಮಾಡಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು. ಇದನ್ನು ಬರೆಯುವಾಗ ನನಗೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ. ಕಬ್ಬಿನ ಹೆಣ್ಣುಮಕ್ಕಳಿಗೆ ವ್ಯಾಯಾಮದ ಯೋಜನೆ ಮಾಡುವವರು ಮುಟ್ಟಿನ ದಿನದ ರಜೆ, ಹೊರೆಯ ತೂಕ, ಬಿಡಾರದಲ್ಲಿ ನೀರು ಮತ್ತು ಶೌಚಾಲಯದಿಂದ ಶುರು ಮಾಡಬೇಕು. ಇವು ಸಿಗುವತನಕ ಅವರಿಗೆ ಆಸನ ಕಲಿಸುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ರಕ್ತಹೀನತೆಯನ್ನೂ ಮರೆಯುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತ ಕಡಿಮೆ. ಅಂಗನವಾಡಿ ಕಾರ್ಯಕರ್ತೆ, ಆಶಾ, ಬಿಸಿಯೂಟದ ಅಡುಗೆಯವರು, ಆಸ್ಪತ್ರೆಯ ಆಯಾಗಳನ್ನು ಸೇರಿಸಿ ಯಾವ ಕಾರ್ಯಕ್ರಮ ಮಾಡಿದರೂ ಮೊದಲು ರಕ್ತ ಪರೀಕ್ಷೆ, ಕಬ್ಬಿಣಾಂಶದ ಗುಳಿಗೆ.

ಬಿಸಿಲು ಇಲ್ಲಿನ ಯಾವ ಯೋಜನೆಯನ್ನೂ ತಲೆಕೆಳಗು ಮಾಡಬಲ್ಲದು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ, ಉದ್ಯೋಗ ಖಾತರಿಯ ಕೂಲಿಕಾರರಿಗೆ ಆ ತಿಂಗಳುಗಳಲ್ಲಿ ಕೆಲಸದ ಪ್ರಮಾಣದಲ್ಲಿ ಶೇ 30ರಷ್ಟು ರಿಯಾಯಿತಿ ಕೊಟ್ಟದ್ದಿದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಒಂದೇ ವೇಳಾಪಟ್ಟಿ ನಡೆಯಬಹುದು, ಇಲ್ಲಿ ಕನಿಷ್ಠ ಎರಡು ಬೇಕು. ಉಪವಾಸದ ಸೋಮವಾರ, ರಂಜಾನಿನ ರೋಜಾ ದಿನಗಳನ್ನೂ ಕೇಳಿಯೇ ಗೊತ್ತು ಮಾಡಬೇಕು.

ಹೆಣ್ಣು ನೌಕರರ ಮುಜುಗರವೂ ಚಿಕ್ಕ ವಿಷಯವಲ್ಲ. ಸೀರೆ ಉಟ್ಟು, ಗಂಡಸರೆದುರು, ನೆಲದ ಮೇಲೆ ಮಲಗಿ ಮಾಡುವ ಆಸನ ಯಾರಿಗೂ ಬೇಡ. ನಿಂತು, ಇಲ್ಲವೇ ಕುರ್ಚಿ ಹಿಡಿದು ಮಾಡುವ ಹತ್ತಾರು ಚಲನೆಗಳಿವೆ. ಯಾವುದು ಹಿಡಿಸುತ್ತದೆ ಎಂದು ಅವರೇ ಆರಿಸಲಿ. ಆಳಂದದಂಥ, ಲಾಡ್ಲೆ ಮಶಾಕರ ದರ್ಗಾ ಇರುವ, ಎಲ್ಲ ಧರ್ಮದವರು ಒಂದೇ ಕಚೇರಿಯಲ್ಲಿ ದುಡಿಯುವ ಊರಿನಲ್ಲಿ ಮಂತ್ರ, ನಮಸ್ಕಾರಗಳ ವಿಷಯ ಬಂದರೆ ಅದನ್ನು ಗುಂಪು ತಾನೇ ತೀರ್ಮಾನಿಸಲಿ. ಕೈಕಾಲು ಚಾಚಲು ಯಾರ ದೇವರೂ ಅಡ್ಡ ಬರುವುದಿಲ್ಲ. ಇಲ್ಲಿ ಬಳಕೆಗೆ ಬರಬಹುದಾದ ಸ್ವಂತ ಸಾಮಗ್ರಿಯೂ ಇದೆ. ತಾಲೀಮು ಮನೆಗಳ ದಂಡ–ಬೈಠಕ್ ಬಲ್ಲ ಹಿರಿಯರಿದ್ದಾರೆ, ಶಾಲೆಯಲ್ಲಿ ಕಲಿತ ಲೇಜಿಮಿನ ಲಯ ನಡುವಯಸ್ಸಿನವರ ಕಾಲುಗಳಲ್ಲಿ ಇನ್ನೂ ಇದೆ, ಕೋಲಾಟ ಬಲ್ಲ ಹೆಣ್ಣುಮಕ್ಕಳಿದ್ದಾರೆ. ಗೊತ್ತಿಲ್ಲದ ಆಸನ ಕಲಿಸಲು ತರಬೇತುದಾರರನ್ನು ಜಿಲ್ಲಾ ಕೇಂದ್ರದಿಂದ ಕರೆಸುವುದಕ್ಕಿಂತ ಗೊತ್ತಿರುವ ಕುಣಿತವನ್ನು ಹತ್ತು ನಿಮಿಷ ಕುಣಿಸುವುದು ಸುಲಭ, ಬಹುಶಃ ಹೆಚ್ಚು ಬಾಳಿಕೆಯದು.

ಕೇಳುವುದರಲ್ಲೂ ಒಂದು ಮೋಸ ಸಾಧ್ಯ. ಮೇಲಧಿಕಾರಿ ಸಭೆ ಕರೆದು ‘ಎಲ್ಲರಿಗೂ ಒಪ್ಪಿಗೆ ತಾನೆ?’ ಎಂದರೆ ‘ಆಯ್ತು ಸಾಹೇಬ್ರೆ’ ಎಂಬ ಉತ್ತರವೇ ಬರುತ್ತದೆ. ಹೊರಗುತ್ತಿಗೆಯ ಡಾಟಾ ಎಂಟ್ರಿಯವನು, ದಿನಗೂಲಿಯ ಆಯಾ ಬಾಯಿ ಬಿಡುವುದಿಲ್ಲ, ಅವರ ನಾಳೆಯ ಕೆಲಸ ಆ ಕುರ್ಚಿಯ ಮೇಲಿರುವವರ ಕೈಯಲ್ಲಿದೆ. ಹಾಗಾಗಿ ಒಂದೇ ಥರದ ಕೆಲಸ ಮಾಡುವವರು ಮಾತ್ರ, ಅಧಿಕಾರಿ ಇಲ್ಲದೆ, ಎಂಟು ಹತ್ತು ಜನರ ಗುಂಪಾಗಿ ಕೂರಬೇಕು. ಉದ್ಯೋಗ ಖಾತರಿಯಲ್ಲಿ ಕೂಲಿಕಾರರ ನಡುವಿನಿಂದಲೇ ಆರಿಸಿದ ‘ಕಾಯಕ ಬಂಧು’ಗಳಿದ್ದಾರೆ, ಅಂಥ ಒಬ್ಬರು ಪ್ರತಿ ಕೆಲಸದ ಜಾಗದಲ್ಲೂ ಮುಂದಾಳಾಗಬಹುದು. ಗುಂಪು ಹೇಳಿದ್ದರಲ್ಲಿ ಕನಿಷ್ಠ ಒಂದನ್ನು ತಿಂಗಳೊಳಗೆ ಮಾಡಿ ತೋರಿಸಬೇಕು, ಆಗದ್ದಕ್ಕೆ ಕಾರಣ ಹೇಳಬೇಕು. ಕೇಳಿ ಸುಮ್ಮನಾದರೆ ಎರಡನೇ ಸಲ ಯಾರೂ ಬಾಯಿ ತೆರೆಯುವುದಿಲ್ಲ. ಬೇಡ ಎನ್ನುವವರಿಗೆ ಬೇಡ ಎನ್ನುವ ಹಕ್ಕಿರಬೇಕು. ಹಾಜರಿ ಪುಸ್ತಕ ಇಡಕೂಡದು. ಫಲ ಅಳೆಯುವುದಾದರೆ ಎಷ್ಟು ಜನ ಸೇರಿದರು ಎಂಬುದನ್ನು ಬಿಟ್ಟು, ಕಳೆದ ಏಳು ದಿನದಲ್ಲಿ ಎಲ್ಲಿ ನೋವಾಯಿತು, ನೋವಿನಿಂದ ಎಷ್ಟು ದಿನ ಕೆಲಸ ತಪ್ಪಿತು ಎಂದು ಮೂರು ತಿಂಗಳಿಗೊಮ್ಮೆ ವಿಚಾರಿಸಲಿ. ಮೈಯ ಒಂಬತ್ತು ಭಾಗಗಳ ನೋವನ್ನು ಕೇಳುವ, 1987ರಿಂದ ಬಳಕೆಯಲ್ಲಿರುವ ನಾರ್ಡಿಕ್ ಪ್ರಶ್ನಾವಳಿ ಇದೆ. ನಡ, ಟೊಂಕ, ರಟ್ಟೆ, ಮೊಳಕಾಲು ಎಂದು ನಮ್ಮ ಮಾತಿನಲ್ಲೇ ಕೇಳಿದರೆ ಅದು ಇಲ್ಲೂ ನಡೆಯುತ್ತದೆ.

ಎಲ್ಲ ಕಡೆ ಒಮ್ಮೆಲೇ ಆಗಲಾರದು, ಆಗಬೇಕಾಗಿಯೂ ಇಲ್ಲ. ಎಲ್ಲಿಂದ ಶುರು ಮಾಡಬೇಕೆಂದು ನನ್ನನ್ನು ಕೇಳಿದರೆ ಪುರಸಭೆಗಳಿಂದ ಎನ್ನುತ್ತೇನೆ. ಅಲ್ಲಿ ಮಾಲೀಕ ಯಾರು ಎಂಬ ಗೊಂದಲ ಕಡಿಮೆ, ಕಾರ್ಮಿಕರು ದಿನವೂ ಒಂದು ಕಡೆ ಸೇರುತ್ತಾರೆ, ಸಲಕರಣೆ ಖರೀದಿಸುವ ಅಧಿಕಾರ ಅದೇ ಕಟ್ಟಡದಲ್ಲಿದೆ. ಸೆಪ್ಟೆಂಬರ್ 23ರಂದು ರಾಜ್ಯದಲ್ಲಿ ಪೌರಕಾರ್ಮಿಕರ ದಿನ ಆಚರಿಸುತ್ತೇವೆ. ಆಳಂದ, ಅಫಜಲಪುರ, ಜೇವರ್ಗಿಯ ಮುಖ್ಯಾಧಿಕಾರಿಗಳಲ್ಲಿ ಮತ್ತು ಪುರಸಭೆ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು: ಈ ವರ್ಷ ಆ ದಿನ ಶಾಲು, ಸನ್ಮಾನ ಮುಗಿದ ಮೇಲೆ ಪೌರಕಾರ್ಮಿಕರಿಗೆ ಅಂಗಳ ಬಿಟ್ಟುಕೊಡಿ, ರಂಗೋಲಿ ಪುಡಿ ಮತ್ತು ಒಂದು ಪಾವು ತೊಗರಿ ಕೊಡಿ, ಒಂದು ತಾಸು ನೀವು ಹೊರಗಿರಿ. ಅವರು ತೋರಿಸಿದ ನಕ್ಷೆಯನ್ನು ಮುಂದಿನ ಸಾಮಾನ್ಯ ಸಭೆಯ ಮೊದಲನೇ ವಿಷಯವಾಗಿ ತೆಗೆದುಕೊಳ್ಳಿ.